ಮೊಣಕೈ ನೆಲ ಮುಟ್ಟುವ ಮೊದಲು

"ಕೈ ಮಡಚಿ ಸರ್. ಇನ್ನೂ ಸ್ವಲ್ಪ. ಗಾಡಿ ಮೇಲೆ ಎದ್ದು ನಿಂತಿದ್ದೀರ ಅಂದ್ಕೊಳ್ಳಿ."

ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿ, ಮೊದಲ ಮಹಡಿಯ ಪುಟ್ಟ ಅಂಗಡಿಯಲ್ಲಿದ್ದೀರಿ. ಮೇಜಿನಂಚಿಗೆ ಹಳೆಯ ಹ್ಯಾಂಡಲ್‌ಬಾರ್ ಒಂದನ್ನು ಬೋಲ್ಟ್ ಹಾಕಿ ಬಿಗಿದಿದ್ದಾರೆ. ಅದರ ಎರಡೂ ಗ್ರಿಪ್ ಹಿಡಿದು, ಮಂಡಿ ಸಡಿಲ ಬಿಟ್ಟು, ಮೊಣಕೈಗಳನ್ನು ಹೊರಕ್ಕೆತ್ತಿ ನಿಂತಿದ್ದೀರಿ. ಹೊಸ ರಬ್ಬರಿನ, ಅಂಟಿನ ವಾಸನೆ ಮೂಗಿಗೆ ಅಡರುತ್ತಿದೆ. ಕಿಟಕಿಯಾಚೆ ಶನಿವಾರ ಸಂಜೆಯ ಹಾರ್ನ್‌ಗಳು. ಕನ್ನಡಿಯಲ್ಲಿ ನಿಮ್ಮನ್ನು ನೀವೇ ನೋಡಿಕೊಳ್ಳಲು ನಾಚಿಕೆ, ಆದರೂ ನೋಡುತ್ತೀರಿ.

ಎಡಗೈಗೆ ಗಟ್ಟಿ ಚಿಪ್ಪಿನ ಗಾರ್ಡ್. ಹೊರಗೆ ಕಪ್ಪು ಪ್ಲಾಸ್ಟಿಕ್, ಒಳಗೆ ಫೋಮ್, ತೋಳಿಗೊಂದು ಮುಂಗೈಗೊಂದು ವೆಲ್ಕ್ರೋ ಪಟ್ಟಿ. ಬಲಗೈಗೆ ಸ್ಲೀವ್. ಬೆರಳು ತೂರಿಸಿ, ಮಣಿಕಟ್ಟು ದಾಟಿಸಿ, ಕಾಲುಚೀಲ ಏರಿಸಿದಂತೆ ಮೊಣಕೈವರೆಗೂ ಎಳೆದುಕೊಂಡದ್ದು. ಅದರ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಮೆತ್ತನೆಯ ಪ್ಯಾಡ್. ಒತ್ತಿದರೆ ಬೆರಳು ಇಳಿಯುತ್ತದೆ; ಗುದ್ದಿದರೆ ಗಟ್ಟಿಯಾಗಿ ಬೆರಳನ್ನೇ ವಾಪಸ್ಸು ತಳ್ಳುತ್ತದೆ. ಬ್ರಿಟನ್ನಿನ ಡಿ3ಒ ಕಂಪನಿ ಹೆಸರು ಮಾಡಿದ್ದು ಇಂಥ ಪದಾರ್ಥದಿಂದಲೇ. ನಿಧಾನಕ್ಕೆ ಮಣಿಯುತ್ತದೆ, ಏಟಿಗೆ ಮಣಿಯುವುದಿಲ್ಲ.

ಹುಡುಗ ಬಂದು ನಿಮ್ಮ ಎಡ ಮೊಣಕೈ ಮೇಲೆ ಹೆಬ್ಬೆರಳು ಇಡುತ್ತಾನೆ. ಕೈ ನೀಟಾಗಿದ್ದಾಗ ಚಿಪ್ಪಿನ ನಡುವೆ ಕೂತಿದ್ದ ಮೂಳೆಯ ತುದಿ, ಮಡಚಿದ ಮೇಲೆ ಅಂಚಿಗೆ ಬಂದು ಇಣುಕುತ್ತಿದೆ. ಅವನು ಅಲ್ಲೇ ಒಂದು ಸಲ ತಟ್ಟುತ್ತಾನೆ. ಕಿರುಬೆರಳ ತುದಿವರೆಗೂ ಕರೆಂಟು ಹರಿಯುತ್ತದೆ. ನೀವು ಗ್ರಿಪ್ ಬಿಟ್ಟುಬಿಡುತ್ತೀರಿ.

"ನೋಡಿದ್ರಾ? ನಿಂತ್ಕೊಂಡಾಗ ಸರಿಯಿತ್ತು. ಬೀಳೋವಾಗ ಯಾರೂ ಕೈ ನೀಟಾಗಿ ಇಟ್ಕೊಂಡು ಬೀಳಲ್ಲ."

ಆ ಜಾಗವನ್ನೊಮ್ಮೆ ನೀವೇ ಮುಟ್ಟಿ ನೋಡಿಕೊಳ್ಳಿ. ಮೂಳೆಯ ಮೇಲೆ ಚರ್ಮ, ಅಷ್ಟೇ. ತೊಡೆಗಿರುವ ಮಾಂಸವಿಲ್ಲ, ಸೊಂಟಕ್ಕಿರುವ ಕೊಬ್ಬಿಲ್ಲ. ಪಕ್ಕದ ಒಳಗಾಲುವೆಯಲ್ಲಿ ಕಿರುಬೆರಳಿಗೆ ಹೋಗುವ ನರ ಹೆಚ್ಚುಕಡಿಮೆ ಬಯಲಿನಲ್ಲೇ ಮಲಗಿದೆ. ಕ್ಲಚ್ ಒತ್ತುವುದು, ಬ್ರೇಕ್ ಹಿಡಿಯುವುದು, ನಾಡಿದ್ದು ಸೋಮವಾರ ಕೀಲಿಮಣೆ ಕುಟ್ಟುವುದು, ಬೀದಿ ತುದಿಯ ಹೋಟೆಲಿನಲ್ಲಿ ದೋಸೆ ಮುರಿಯುವುದು, ಎಲ್ಲಕ್ಕೂ ಈ ಕೀಲು ತಿರುಗಬೇಕು. ಹೆಲ್ಮೆಟ್ ಇಲ್ಲದಿದ್ದರೆ ಟ್ರಾಫಿಕ್ ಪೊಲೀಸರು ಕೈ ತೋರಿಸುತ್ತಾರೆ. ಮೊಣಕೈಗೆ ಏನು ಕಟ್ಟಿದ್ದೀರಿ ಎಂದು ಬೆಂಗಳೂರಿನ ಯಾವ ಸರ್ಕಲ್ಲಿನಲ್ಲೂ ಯಾರೂ ಕೇಳುವುದಿಲ್ಲ. ಅದು ನೀವು, ನಿಮ್ಮ ಜೇಬು ಮತ್ತು ಈ ಹುಡುಗನ ಹೆಬ್ಬೆರಳಿನ ನಡುವಿನ ಮಾತು.

ಗೋಡೆಯ ಮೇಲೆ ಇನ್ನೊಂದು ಜಾತಿಯೂ ತೂಗುತ್ತಿದೆ: ಮೊಣಕೈ, ಮಂಡಿ ಸೇರಿ ನಾಲ್ಕು ಪೀಸಿನ ಅಗ್ಗದ ಸೆಟ್. ಫಳಫಳ ಹೊಳೆಯುವ ತಗಡು, ರೋಬೋಟಿನ ಕಳೆ. ಕೈ ಅತ್ತ ಹೋಗುತ್ತದೆ, ಬೆಲೆಯ ಚೀಟಿ ಚೆನ್ನಾಗಿದೆ. ತಿರುಗಿಸಿ ಒಳಗೆ ಹುಡುಕುತ್ತೀರಿ. ಸ್ಪಂಜು, ಹೊಲಿಗೆ, ಮತ್ತೆ ಸ್ಪಂಜು. ಗುರುತು ಏನೂ ಇಲ್ಲ. ಅದನ್ನು ಅಲ್ಲೇ ನೇತುಹಾಕುತ್ತೀರಿ.

ಗುರುತು ಎಂದರೆ ಸ್ಲೀವಿನ ಪ್ಯಾಡಿನ ಮೇಲೆ ಅಚ್ಚೊತ್ತಿರುವ ಆ ಪುಟ್ಟ ಚೌಕ. ಬೈಕ್ ಸವಾರನ ಚಿತ್ರ, ಇಎನ್ 1621-1 ಎಂಬ ಸಂಖ್ಯೆ, ಎಲ್ಬೋ ಎನ್ನುವುದಕ್ಕೆ ಇ, ವಿಸ್ತೀರ್ಣ ಚಿಕ್ಕದಾದರೆ ಎ, ದೊಡ್ಡದಾದರೆ ಬಿ, ಕೊನೆಗೆ ಒಂದು ಅಂಕಿ. ಯುರೋಪಿನ ಪ್ರಯೋಗಶಾಲೆಯಲ್ಲಿ ಈ ಪ್ಯಾಡನ್ನು ಕಬ್ಬಿಣದ ದಿಮ್ಮಿಯ ಮೇಲೆ ಮಲಗಿಸಿ, ಐದು ಕಿಲೋ ಭಾರವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. 50 ಜೂಲ್. ಪ್ಯಾಡಿನಾಚೆಗೆ ದಾಟಿ ಬರುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1. 20 ಮೀರದಿದ್ದರೆ ಲೆವೆಲ್ 2. ಇಪ್ಪತ್ತು ಎಂದರೂ, ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ಎರಡು ಟನ್ ಭಾರ. ಓದುತ್ತಿದ್ದ ಹಾಗೆ ಮೊಣಕೈಯೊಳಗೆ ಏನೋ ಕುಗ್ಗುತ್ತದೆ.

ಮೆತ್ತನೆಯ ಸ್ಲೀವಿನ ಮೇಲೆ 2 ಇದೆ. ಗಟ್ಟಿ ಚಿಪ್ಪಿನ ಮೇಲೆ 1.

ಲೆಕ್ಕ ಇಲ್ಲಿಗೇ ಮುಗಿಯಬೇಕಿತ್ತು. ಮಲ್ಲೇಶಪಾಳ್ಯದ ನಿಮ್ಮ ಗೆಳೆಯನ ಬಳಿ ಇರುವುದೂ ಇದೇ ಸ್ಲೀವ್. ಅವನಂತೂ ಅದನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ. ಆದರೆ ಅವನದು ದಪ್ಪ ತೋಳು. ನೀವು ಕೈಯನ್ನು ಹತ್ತು ಸಲ ಮಡಚಿ ಬಿಚ್ಚುತ್ತೀರಿ, ಹ್ಯಾಂಡಲನ್ನು ಆಚೆ ಈಚೆ ಜಗ್ಗುತ್ತೀರಿ, ಹುಡುಗನಿಗೆ "ಎಳಿ" ಎನ್ನುತ್ತೀರಿ. ಅವನು ಪ್ಯಾಡನ್ನು ಹಿಡಿದು ಪಕ್ಕಕ್ಕೆ ತಿರುಚುತ್ತಾನೆ. ನಿಮ್ಮ ಸಣಕಲು ಮುಂಗೈ ಮೇಲೆ ಸ್ಲೀವ್ ಸುತ್ತಿಕೊಂಡು, ಪ್ಯಾಡ್ ಒಳಮಡಿಕೆಯತ್ತ ಜಾರುತ್ತದೆ. ಒಂದು ಸೈಜ್ ಚಿಕ್ಕದನ್ನು ತರಿಸುತ್ತೀರಿ. ಅದು ಹಿಡಿಯುತ್ತದೆ, ಆದರೆ ಒಳಮಡಿಕೆಯಲ್ಲಿ ಬಟ್ಟೆ ಮುದ್ದೆಯಾಗಿ ಚರ್ಮ ಕಚ್ಚುತ್ತದೆ. ಇಲ್ಲಿ, ಫ್ಯಾನಿನ ಕೆಳಗೇ ಹೀಗೆ. ನಾಳೆ ಹೋಗಲಿರುವ ಕೋಲಾರದ ಕಡೆಯ ಬಿಸಿಲಿನಲ್ಲಿ, ಬೆವರಿನಲ್ಲಿ ಹೇಗೋ.

ಈಗ ಚಿಪ್ಪಿನದನ್ನೇ ಎಂ ಸೈಜಿನಲ್ಲಿ. ಕೈ ಮಡಚಿಯೇ ಕಟ್ಟಿಸಿಕೊಳ್ಳುತ್ತೀರಿ. ಹೆಬ್ಬೆರಳು ಮತ್ತೆ ಬರುತ್ತದೆ, ಮೂಳೆಯನ್ನು ಹುಡುಕುತ್ತದೆ, ಸಿಗುವುದಿಲ್ಲ. ತಿರುಚಿದರೆ ಗಾರ್ಡಿನ ಜೊತೆ ನಿಮ್ಮ ಕೈಯೇ ತಿರುಗುತ್ತದೆ.

ಲೆವೆಲ್ 2 ಆಗಿದ್ದು ಜಾಗ ಬಿಡುವುದೋ, ಲೆವೆಲ್ 1 ಆಗಿದ್ದು ಜಾಗದಲ್ಲಿ ಇರುವುದೋ? ಅಂಗಡಿಯ ಹುಡುಗ ಸುಮ್ಮನೆ ನಿಂತಿದ್ದಾನೆ. ಹೆಚ್ಚು ಬೆಲೆಯದು ಸ್ಲೀವ್. ಅವನು ಅದನ್ನೇ ಮುಂದೆ ತಳ್ಳಬಹುದಿತ್ತು, ತಳ್ಳುವುದಿಲ್ಲ. ನೀವು ಚಿಪ್ಪಿನದಕ್ಕೆ ದುಡ್ಡು ಕೊಟ್ಟು ಮೆಟ್ಟಿಲಿಳಿಯುತ್ತೀರಿ. ಕೊನೆಯ ಮೆಟ್ಟಿಲವರೆಗೂ ಆ '2' ಬೆನ್ನಿಗೆ ಅಂಟಿಕೊಂಡೇ ಇರುತ್ತದೆ.

ಸಿ.ವಿ. ರಾಮನ್ ನಗರದ ಮನೆಯಲ್ಲಿ ಊಟವಾದ ಮೇಲೆ ಗಾರ್ಡ್ ಕಟ್ಟಿಕೊಂಡೇ ಓಡಾಡುತ್ತೀರಿ. ಯಾವ ಗಾರ್ಡೂ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಇರುತ್ತದೆ. ಅರ್ಧ ಗಂಟೆಯಾದ ಮೇಲೆ ತನ್ನ ಗುಣ ತೋರಿಸುತ್ತದೆ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನೋಡುತ್ತಾರೆ.

"ಏನೋ ಇದು? ಬೀಳೋದಕ್ಕೆ ರೆಡಿಯಾಗಿ ಹೋಗ್ತಿದ್ಯಾ?"

ಅಪ್ಪ ಕೈ ಚಾಚುತ್ತಾರೆ. ಈ ಬಡಾವಣೆಯಲ್ಲಿ ಅಪ್ಪಂದಿರು ಹಾಗೆಯೇ. ಅರ್ಧ ಊರು ಡಿಆರ್‌ಡಿಒ ಕಾಂಪೌಂಡಿನ ಆಚೆ ಈಚೆ ಬೆಳೆದದ್ದು. ರಾಡಾರ್ ಮಾಡುವ ಎಲ್‌ಆರ್‌ಡಿಇ, ಕಾವೇರಿ ಎಂಜಿನ್ನಿನ ಜಿಟಿಆರ್‌ಇ, ತೇಜಸ್ ಪೈಲಟ್ಟಿಗೆ ಹಾರುತ್ತಲೇ ಆಮ್ಲಜನಕ ತಯಾರಿಸಿಕೊಡುವ ವ್ಯವಸ್ಥೆ ರೂಪಿಸಿದ ಡೆಬೆಲ್, ಎಲ್ಲ ಇಲ್ಲೇ. ನಿವೃತ್ತಿಯಾಗಿ ವರ್ಷಗಳಾದರೂ ಅಪ್ಪನ ಬೆರಳು ಯಾವ ವಸ್ತುವನ್ನೂ ಸುಮ್ಮನೆ ಮುಟ್ಟುವುದಿಲ್ಲ. ಫೋಮನ್ನು ಹಿಂಡುತ್ತಾರೆ, ಹೊಲಿಗೆ ಎಳೆಯುತ್ತಾರೆ, ಕನ್ನಡಕ ಮೇಲೇರಿಸುತ್ತಾರೆ.

"ಟೆಸ್ಟ್ ಯಾವ ಟೆಂಪರೇಚರ್‌ನಲ್ಲಿ ಮಾಡಿದಾರೆ?"

ನೀವು ಗುರುತಿನ ಚೌಕವನ್ನು ಮತ್ತೆ ಹುಡುಕುತ್ತೀರಿ. ಮೂಲೆಯಲ್ಲಿ 'ಟಿ' ಪಕ್ಕ ಒಂದು ಅಧಿಕ ಚಿಹ್ನೆ. 40 ಡಿಗ್ರಿ ಕಾವಿನಲ್ಲೂ ಪರೀಕ್ಷೆ ಪಾಸಾಗಿದೆ ಎಂದರ್ಥ. ಆ ಪರೀಕ್ಷೆ ಕಡ್ಡಾಯವಲ್ಲ, ಎಲ್ಲ ತಯಾರಕರೂ ಮಾಡಿಸುವುದಿಲ್ಲ. ಚಳಿಯಲ್ಲಿ, ಮೈನಸ್ 10ರಲ್ಲಿ ಪರೀಕ್ಷಿಸಿದ್ದಕ್ಕೆ ಋಣ ಚಿಹ್ನೆ ಇರುತ್ತದೆ, ಅದು ಇದಕ್ಕಿಲ್ಲ. ಲಡಾಖಿಗಾದರೆ ಯೋಚಿಸಬೇಕು. ಕೋಲಾರಕ್ಕೆ ಸಾಕು. ಅಪ್ಪ "ಹೂಂ" ಎನ್ನುತ್ತಾರೆ. ಆ ಹೂಂ ಈ ಮನೆಯಲ್ಲಿ ಸರ್ಟಿಫಿಕೇಟು.

ಬೆಳಗಿನ ಐದೂವರೆ. ಕತ್ತಲು ಇನ್ನೂ ಬಿಟ್ಟಿಲ್ಲ. ಫೋನ್ ಗುಂಯ್‌ಗುಡುತ್ತದೆ, ಗೆಳೆಯ. "ಗುರು, ಕಗ್ಗದಾಸಪುರ ಗೇಟ್ ಹಾಕವ್ರೆ." ಹಿಂದೆ ರೈಲಿನ ಸದ್ದು. ಭಾನುವಾರ ನಸುಕಿನಲ್ಲೂ ಆ ಗೇಟು ಕರುಣೆ ತೋರುವುದಿಲ್ಲ. ನೀವು ಎಕ್ಸ್‌ಪಲ್ಸ್ ಬೈಕಿನ ಮೇಲೆ ಕೂತು ಕಾಯುತ್ತೀರಿ. ಮೊಣಕೈಗೆ ಗಾರ್ಡು ತಣ್ಣಗಿದೆ.

ಸುರಂಜನದಾಸ್ ರಸ್ತೆ, ಹಳೇ ಮದ್ರಾಸು ರಸ್ತೆ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ. ಹೊಸಕೋಟೆ ದಾಟುವಾಗ ಪೂರ್ವ ಕೆಂಪಾಗುತ್ತಿದೆ. ಚಹಾಕ್ಕೆ ನಿಲ್ಲಿಸಿ ಗ್ಲಾಸು ಹಿಡಿದರೆ ಬೆರಳುಗಳು ಯಾರವೋ ಎನ್ನಿಸುತ್ತದೆ. ಜೋಮು. ಮುಂಗೈಯ ಪಟ್ಟಿಯನ್ನು ಬಿಗಿ ಮಾಡಿಬಿಟ್ಟಿದ್ದೀರಿ. ಹೀಗೇ ಬಿಟ್ಟರೆ ಕಲ್ಲುದಾರಿಯಲ್ಲಿ ಮುಂಗೈ ಸ್ನಾಯು ಉಬ್ಬಿ, ಮರಗಟ್ಟಿ, ಬ್ರೇಕ್ ಹಿಡಿಯಬೇಕಾದಾಗ ಬೆರಳು ಮಾತು ಕೇಳುವುದಿಲ್ಲ. ಆರ್ಮ್ ಪಂಪ್ ಅನ್ನುತ್ತಾರೆ. ಮೋಟೋಕ್ರಾಸ್‌ನವರು ಬೀಳುವುದಕ್ಕಿಂತ ಹೆಚ್ಚು ಅದನ್ನೇ ಬೈಯುತ್ತಾರೆ. ಕೆಳಪಟ್ಟಿಯನ್ನು ಒಂದು ಬೆರಳು ತೂರುವಷ್ಟು ಸಡಿಲಿಸುತ್ತೀರಿ. ಮೇಲಿನದು ಹಾಗೇ. ಹಿಡಿದಿಡುವ ಕೆಲಸ ಮೇಲಿನ ಪಟ್ಟಿಯದು, ಕೆಳಗಿನದು ತಿರುಗದಂತೆ ಕಾದರೆ ಸಾಕು. ಗೆಳೆಯ ತನ್ನ ಸ್ಲೀವನ್ನು ತಟ್ಟಿ ತೋರಿಸಿ ನಗುತ್ತಾನೆ. ಅವನಿಗೆ ಪಟ್ಟಿಯ ಗೊಡವೆಯೇ ಇಲ್ಲ.

ಈ ರಸ್ತೆ ಕೋಲಾರಕ್ಕೆ ಹೋಗುತ್ತದೆ. ಅಲ್ಲೇ ಹತ್ತಿರ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. ಎದ್ದು ನಿಂತು ಮೊಣಕೈ ಹೊರಗೆತ್ತುವುದನ್ನು ಈ ಊರಿನ ಅದೆಷ್ಟೋ ಜನ ಕಲಿತದ್ದು ಅಲ್ಲಿ. ಬೆಂಗಳೂರಿನ ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ, ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಅವರು ಬಿದ್ದ ಸುದ್ದಿ ಬಂದಾಗ ಇಲ್ಲಿನ ಬೈಕ್ ಗುಂಪುಗಳೆಲ್ಲ ಮಾತು ನಿಲ್ಲಿಸಿ ಫೋನ್ ಹಿಡಿದು ಕೂತಿದ್ದವು. ಏರ್‌ಬ್ಯಾಗ್ ಜಾಕೆಟ್ಟನ್ನು ಆ ರ‍್ಯಾಲಿ ಕಡ್ಡಾಯ ಮಾಡಿದ ವರ್ಷವೇ ಅದು. ವೈದ್ಯರು ಅವರನ್ನು ಔಷಧಿಯಿಂದ ಕೋಮಾದಲ್ಲಿಟ್ಟರು. ಅವರು ಉಳಿದು ಬಂದರು. ಇದೇ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಹಾ ರೇಸಿನಲ್ಲಿ ಬಿದ್ದು ಮೇದೋಜೀರಕಕ್ಕೆ ಏಟು ತಿಂದರು. ಯಾವ ಗಾರ್ಡೂ ತಲುಪದ ಜಾಗ. ಮರುವರ್ಷ ಅವರು ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಚಹಾ ಗ್ಲಾಸು ಕೆಳಗಿಡುವಾಗ ಇಂಥವು ನೆನಪಾಗುವುದು ಒಳ್ಳೆಯದೋ ಕೆಟ್ಟದ್ದೋ, ನನಗಂತೂ ತೀರ್ಮಾನವಾಗಿಲ್ಲ.

ಹೆದ್ದಾರಿ ಬಿಟ್ಟ ಮೇಲೆ ನೀಲಗಿರಿ ತೋಪು. ಒಣ ಎಲೆಯ ಔಷಧಿ ವಾಸನೆ, ಅದರ ಕೆಳಗೆ ಕೆಮ್ಮಣ್ಣಿನ ಹಸಿ ವಾಸನೆ. ಗಾಡಿಯ ಮೇಲೆ ಎದ್ದು ನಿಲ್ಲುತ್ತೀರಿ. ಮೊದಲ ಒಂದು ಗಂಟೆ ಮೊಣಕೈಯಲ್ಲಿ ಏನಿದೆ ಎಂಬುದೇ ಮರೆತುಹೋಗುತ್ತದೆ. ಆಮೇಲೆ ಬೆವರು ಬರುತ್ತದೆ. ಫೋಮಿನ ಅಂಚಿನಿಂದ ಹನಿ ಹೊರಟು ಮುಂಗೈ ಉದ್ದಕ್ಕೂ ಇಳಿದು ಗ್ಲೌಸಿನೊಳಗೆ ಸೇರುತ್ತದೆ. ಧೂಳು ವೆಲ್ಕ್ರೋದ ಹಲ್ಲುಗಳಲ್ಲಿ ತುಂಬಿಕೊಳ್ಳುತ್ತದೆ. ಎಡ ಗಾರ್ಡು ಒಂದು ಎಳೆಯಷ್ಟು ಕೆಳಗೆ ಸರಿದಿದೆಯೇ? ನಿಲ್ಲಿಸಿ ನೋಡಬೇಕೇ? ಗೆಳೆಯ ಹಿಂದೆಯೇ ಬರುತ್ತಿದ್ದಾನೆ, ಇಳಿಜಾರು ಮುಂದಿದೆ, ನಿಲ್ಲಿಸಿದರೆ ಲಯ ತಪ್ಪುತ್ತದೆ. ಆದರೂ ನಿಲ್ಲಿಸುತ್ತೀರಿ. ಪಟ್ಟಿ ಬಿಚ್ಚಿ, ಊದಿ, ಕೈ ಮಡಚಿ, ಮತ್ತೆ ಕಟ್ಟುತ್ತೀರಿ.

ಮುಂದೆ ಮಳೆನೀರು ಕೊರೆದ ಕೊರಕಲು. ಎಡಕ್ಕೆ ಬಂಡೆ, ಬಲಕ್ಕೆ ಲಂಟಾನ. ನಡುವೆ ಚಕ್ರದಗಲದ ದಾರಿ. ಎರಡನೇ ಗೇರ್. ಕಣ್ಣು ದೂರಕ್ಕೆ. ಮುಂದಿನ ಚಕ್ರ ಇಳಿಯುತ್ತದೆ, ಮುಷ್ಟಿಯಷ್ಟು ದೊಡ್ಡ ಉರುಟು ಕಲ್ಲೊಂದು ಚಕ್ರದಡಿ ಉರುಳುತ್ತದೆ, ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಬಲಕ್ಕೆ ಹೊಡೆಯುತ್ತದೆ. ಥ್ರಾಟಲ್ ಕೊಡಿ. ಕೊಡುವುದಿಲ್ಲ. ಬ್ರೇಕ್. ತಪ್ಪು ಬ್ರೇಕ್. ಆಕಾಶ ಓರೆಯಾಗುತ್ತದೆ. ಒಂದೂವರೆ ಕ್ವಿಂಟಲ್ ಮೀರಿದ ಗಾಡಿ ಎಡಕ್ಕೆ ವಾಲುತ್ತದೆ, ನೀವೂ ಅದರ ಜೊತೆ, ಗ್ರಿಪ್ ಬಿಡದೆ, ಮೊಣಕೈ ಮುಂದಾಗಿ. ಬಂಡೆ ಬರುತ್ತದೆ.

ಟಕ್.

ಪ್ಲಾಸ್ಟಿಕ್ ಕಲ್ಲಿನ ಮೇಲೆ ಕರ್ರೆಂದು ಜಾರುವ ಸದ್ದು. ಭುಜ ಮಣ್ಣಿಗೆ. ಬಾಯೊಳಗೆ ಧೂಳು. ಎಂಜಿನ್ ಇನ್ನೂ ಉರಿಯುತ್ತಿದೆ, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿದೆ.

ಏಳಬೇಡಿ. ಮೊದಲು ಕಿರುಬೆರಳು. ಅಲ್ಲಾಡುತ್ತದೆ. ಮುಷ್ಟಿ. ಬಿಗಿಯುತ್ತದೆ. ನಿಧಾನಕ್ಕೆ ಕೈ ಚಾಚಿ, ಪೂರ್ತಿ. ಚಾಚಿತು. ಅಂಗೈ ಮೇಲೆ, ಅಂಗೈ ಕೆಳಗೆ. ತಿರುಗಿತು. ಈಗ ಉಸಿರು ಬಿಡಿ. ಎಂಜಿನ್ ಆರಿಸಿ.

ಹಿಂದೆ ಇನ್ನೊಂದು ಸದ್ದು. ಗೆಳೆಯ ನಿಮ್ಮನ್ನು ತಪ್ಪಿಸಲು ಬ್ರೇಕ್ ಹಿಡಿದಿದ್ದಾನೆ. ನಡಿಗೆಯ ವೇಗ, ಅಷ್ಟೇ. ಗಾಡಿ ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ವಾಲಿತು. ಅವನು ಎಲ್ಲರೂ ಮಾಡುವುದನ್ನೇ ಮಾಡಿದ, ಬಲಗೈ ಚಾಚಿ ನೆಲಕ್ಕೆ ಊರಿದ. ತಕ್ಷಣ ಎದ್ದೂ ನಿಂತ. ನಿಮ್ಮ ಚಿಪ್ಪಿನ ಮೇಲೆ ಬೆರಳುದ್ದದ ಬಿಳಿ ಗೀರು ಬಿದ್ದಿದೆ, ಅಂಚು ತರಚಿ ನಾರೆದ್ದಿದೆ; ಬಟ್ಟೆಯಾಗಿದ್ದರೆ ಆ ಬಂಡೆ ಅದನ್ನು ಕಚ್ಚಿ ನಿಲ್ಲಿಸಿ, ತೋಳನ್ನು ತಿರುಚುತ್ತಿತ್ತು. ಅವನ ಸ್ಲೀವಿನ ಮೇಲೆ ಧೂಳು ಕೂಡ ಇಲ್ಲ.

"ನಾನ್ ಆರಾಮು ಗುರು," ಎಂದು ಗಾಡಿ ಎತ್ತಲು ಬಗ್ಗುತ್ತಾನೆ. ಅಂಗೈಯನ್ನು ಮೇಲಕ್ಕೆ ತಿರುಗಿಸಲು ಹೋಗಿ ನಿಲ್ಲುತ್ತಾನೆ. ಮುಖದ ಬಣ್ಣ ಇಳಿಯುತ್ತದೆ.

ಚಾಚಿದ ಅಂಗೈಗೆ ಬಿದ್ದ ಏಟು ಅಲ್ಲಿ ನಿಲ್ಲುವುದಿಲ್ಲ. ಮುಂಗೈಯ ಮೂಳೆಯುದ್ದಕ್ಕೂ ಏರಿ, ಮೊಣಕೈಯ ಹೊರಬದಿಯಲ್ಲಿ, ಅಂಗೈ ತಿರುಗಿಸುವಾಗ ತಿರುಗುವ ಆ ಪುಟ್ಟ ಗುಂಡನೆಯ ತುದಿಗೆ ಗುದ್ದುತ್ತದೆ. ಪ್ಯಾಡು ಹೊರಗೆ ಕಾವಲು ಕೂತಿರುತ್ತದೆ. ಏಟು ಒಳದಾರಿಯಿಂದ ಬಂದುಬಿಟ್ಟಿರುತ್ತದೆ. ಲೆವೆಲ್ 1 ಆಗಲಿ, 2 ಆಗಲಿ, ಅದು ಆ ಚೌಕದಲ್ಲಿ ಬರೆದಿಲ್ಲದ ಪರೀಕ್ಷೆ.

ಈಗ ಲೆಕ್ಕಾಚಾರ. ಹೆದ್ದಾರಿಗೆ ಕೊರಕಲಿನ ಕೆಳಗೆ ಹೋದರೆ ಹತ್ತಿರ, ಕುಲುಕಾಟ ಜಾಸ್ತಿ. ಹೊಲದ ಅಂಚಿನಲ್ಲಿ ಹೋದರೆ ದೂರ, ಸಮತಟ್ಟು. ಅವನು ಹತ್ತಿರದ್ದು ಎನ್ನುತ್ತಾನೆ. ನೀವು ಬೇಡ ಎನ್ನುತ್ತೀರಿ. ಅವನ ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ರಾಗಿ ಹೊಲದಲ್ಲಿದ್ದ ಅಜ್ಜನಿಗೆ ಒಪ್ಪಿಸುತ್ತೀರಿ. "ಹೋಗ್ರಪ್ಪ, ನಾನ್ ನೋಡ್ಕತೀನಿ. ಈ ಕಾಡ್ನಾಗೆ ಬಂದು ಯಾಕಾರ ಬೀಳ್ತೀರೋ." ಗೆಳೆಯನ ಕೈಯನ್ನು ಅವನದೇ ಜರ್ಸಿಯ ಮಡಿಕೆಗೆ ಸೇರಿಸಿ ಹಿಂದೆ ಕೂರಿಸಿಕೊಳ್ಳುತ್ತೀರಿ. ಒಂದೊಂದು ಹಳ್ಳಕ್ಕೂ ಅವನ ಹೆಲ್ಮೆಟ್ಟು ನಿಮ್ಮ ಹೆಲ್ಮೆಟ್ಟಿಗೆ ತಾಗುತ್ತದೆ, ಪ್ರತಿ ಸಲವೂ ಅವನು ಉಸಿರು ಹಿಡಿಯುವುದು ಬೆನ್ನಿಗೆ ಗೊತ್ತಾಗುತ್ತದೆ.

ಹೊಸಕೋಟೆಯ ಒಂದು ಆಸ್ಪತ್ರೆ. ಫಿನಾಯಿಲ್ ವಾಸನೆ, ತಣ್ಣನೆಯ ರೆಕ್ಸಿನ್ ಮಂಚ. ಕೈ ಆಗಲೇ ಊದಿದೆ, ಸ್ಲೀವಿನ ಎರಡು ತುದಿಯಲ್ಲೂ ಚರ್ಮ ಉಬ್ಬಿ ಹೊಳೆಯುತ್ತಿದೆ. ಎಕ್ಸ್‌ರೇಗೆ ಮೊದಲು ಅದು ಬರಬೇಕು. ಸಿಸ್ಟರ್ ಮಣಿಕಟ್ಟಿನ ಬಳಿ ಹಿಡಿದು ಒಂದು ಸಲ ಎಳೆಯುತ್ತಾರೆ. ಅವನು ಕೂಗಿದ ಕೂಗಿಗೆ ಪಕ್ಕದ ಮಂಚದ ಮಗು ಅಳು ನಿಲ್ಲಿಸುತ್ತದೆ. ನಿಮ್ಮ ಕೈ ತಾನಾಗಿ ನಿಮ್ಮ ಗಾರ್ಡಿನ ಪಟ್ಟಿಗೆ ಹೋಗುತ್ತದೆ. ಚರ್ರ್, ಚರ್ರ್, ಎರಡು ಎಳೆತ, ಬಂತು. ಅಂಗಡಿಯಲ್ಲಿ ಹಾಕಿಕೊಳ್ಳುವುದನ್ನೇ ಹತ್ತಾರು ಬಗೆಯಲ್ಲಿ ನೋಡಿದ್ದಿರಿ. ಬಿಚ್ಚುವುದನ್ನು ನೀವೂ ನೋಡಿರಲಿಲ್ಲ, ಹುಡುಗನೂ ತೋರಿಸಿರಲಿಲ್ಲ.

ಸಿಸ್ಟರ್ ಟ್ರೇಯಿಂದ ದೊಡ್ಡ ಕತ್ತರಿ ಎತ್ತಿಕೊಳ್ಳುತ್ತಾರೆ.

"ಕತ್ತರಿಸ್ಬೇಡಿ ಸಿಸ್ಟರ್, ಹೊಸದು ಅದು. ಲೆವೆಲ್ ಟೂ."

"ಕೈ ಬೇಕಾ, ಇದು ಬೇಕಾ ನಿಮ್ಗೆ?"

ಅವನು ನಿಮ್ಮತ್ತ ನೋಡುತ್ತಾನೆ. ನೀವು ಅವನ ಭುಜ ಹಿಡಿದುಕೊಳ್ಳುತ್ತೀರಿ. ಕತ್ತರಿ ಮಣಿಕಟ್ಟಿನಿಂದ ಹೊರಟು ಬಟ್ಟೆಯನ್ನು ಸಲೀಸಾಗಿ ಸೀಳುತ್ತಾ ಬಂದು ಕಿತ್ತಳೆ ಪ್ಯಾಡಿನ ಹತ್ತಿರ ತಡೆಯುತ್ತದೆ. ಸಿಸ್ಟರ್ ಬಲ ಹಾಕುತ್ತಾರೆ, ಅದು ಬಿಡುವುದಿಲ್ಲ.

"ಪಕ್ಕದಿಂದ ಬನ್ನಿ ಸಿಸ್ಟರ್," ಹಲ್ಲು ಕಚ್ಚಿಕೊಂಡೇ ಅವನು ಹೇಳುತ್ತಾನೆ, "ಅದು ಪಾಸಾಗಿರೋ ಪ್ಯಾಡು."